ಬೆಲ್ಜಿಯಮ್ಮಿನ ಲ್ಯಾಂಬಿಕ್ ಬಿಯರ್ ನಿಜಕ್ಕೂ ಕೆಟ್ಟುಹೋದ ಬಿಯರಿನ ಹಾಗಿರುತ್ತದೆಯೇ? ಮೊದಲ ಸಲ ಹೇಗೆ ಕುಡಿಯಬೇಕು?

ಬ್ರಸೆಲ್ಸಿಗೆ ಹೊರಟಿದ್ದೀರಿ, "ಅಲ್ಲಿಯ ಹುಳಿ ಬಿಯರ್ ಮಾತ್ರ ಮುಟ್ಟಬೇಡ, ಕೆಟ್ಟುಹೋದ ಹಾಗಿರುತ್ತೆ" ಅಂತ ಗೆಳೆಯರು ಹೆದರಿಸಿದ್ದಾರೆ, ನಿಜವೇ ಅಂತ ಕೇಳಿದ್ದೀರಿ. ಮೊದಲ ಗುಟುಕಿನ ಮಟ್ಟಿಗೆ ನಿಜ. ಕೆಲಸದ ನಿಮಿತ್ತ ಎರಡು ವರ್ಷ ಅಲ್ಲಿದ್ದೆ. ನನ್ನ ಮೊದಲ ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದವನು ನಾನು.

ಆ ದಿನ ಬಾಯಾರಿತ್ತು. ಬೆಂಗಳೂರಿನಲ್ಲಿ ತಣ್ಣನೆಯ ಲಾಗರ್ ಏರಿಸುವ ಹಾಗೆ ದೊಡ್ಡದೊಂದು ಗುಟುಕು ಎಳೆದೆ. ದವಡೆಯೆಲ್ಲ ಜುಮ್ಮೆಂದಿತು. ನೊರೆ ಇಲ್ಲ, ಗುಳ್ಳೆ ಇಲ್ಲ, ಮೂಗಿಗೆ ದನದ ಕೊಟ್ಟಿಗೆಯ ವಾಸನೆ. ಬದಲಾಯಿಸಿ ಕೊಡಿ ಅಂತ ಕೇಳಲು ಕೌಂಟರಿನ ತನಕ ಹೋಗಿದ್ದೆ. ಪಕ್ಕದ ಮೇಜಿನ ಅಜ್ಜ ಅದನ್ನೇ ಎರಡನೇ ಲೋಟ ತರಿಸಿಕೊಳ್ಳುತ್ತಿದ್ದುದನ್ನು ನೋಡಿ ಸುಮ್ಮನೆ ದುಡ್ಡು ಕೊಟ್ಟು ಹೊರಟೆ.

ಆಮೇಲೆ ನನ್ನನ್ನು ದಾರಿಗೆ ತಂದದ್ದು ಕ್ಯಾಂಟಿಲಾನ್. ಬ್ರಸೆಲ್ಸಿನ ಆಂಡರ್ಲೆಕ್ಟಿನಲ್ಲಿ, ದಕ್ಷಿಣದ ದೊಡ್ಡ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, 1900ರಲ್ಲಿ ಶುರುವಾದ, ಬಿಯರ್ ತಯಾರಿಸುವ ಮನೆ ಅದು. 1978ರಿಂದ ಮ್ಯೂಸಿಯಂ ಕೂಡ ಹೌದು. ಅಟ್ಟ ಹತ್ತಿದರೆ ಮಾಡಿನ ಕೆಳಗೆ ಅಗಲವಾದ, ಆಳವಿಲ್ಲದ ತಾಮ್ರದ ಕೊಪ್ಪರಿಗೆಯೊಂದು ಕಾಣುತ್ತದೆ. ನಮ್ಮ ಕಡೆಯ ಆಲೆಮನೆಯ ಕೊಪ್ಪರಿಗೆಯನ್ನು ಯಾರೋ ಚಪ್ಪಟೆ ಮಾಡಿ ಕೋಣೆ ತುಂಬ ಹರಡಿದ ಹಾಗೆ. ಬಾರ್ಲಿ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಜೊತೆ ಮೂರನೇ ಒಂದು ಪಾಲಿನಷ್ಟು ಮೊಳಕೆ ಬರಿಸದ ಗೋಧಿ ಸೇರಿಸಿ ಗಂಟೆಗಟ್ಟಲೆ ಕುದಿಸಿದ ರಸವನ್ನು, ಸುಮಾರು 7,500 ಲೀಟರ್, ಇದಕ್ಕೆ ಹರಿಸಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಯೀಸ್ಟ್ ಹಾಕುವುದೇ ಇಲ್ಲ. ಮಾಡಿನ ಕಿಂಡಿಗಳಿಂದ ಬರುವ ಗಾಳಿಯಲ್ಲಿ, ಆಮೇಲೆ ತುಂಬಿಸುವ ಹಳೆಯ ಪೀಪಾಯಿಗಳ ಮರದಲ್ಲಿ ಏನಿದೆಯೋ ಅದೇ ಹುದುಗು. ಹಾಗಾಗಿ ತಂಪು ತಿಂಗಳುಗಳಲ್ಲಿ, ಹೆಚ್ಚುಕಡಿಮೆ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಮಾತ್ರ ಈ ಕೆಲಸ. ಸೆಕೆಗಾಲದ ರಾತ್ರಿಯಲ್ಲಿ ರಸ ಬೇಕಾದಷ್ಟು ತಣಿಯುವುದಿಲ್ಲ, ಬೇಡದ ಜೀವಿಗಳೂ ಬಂದು ಕೂರುತ್ತವೆ. ಪೀಪಾಯಿಗಳ ನಡುವೆ ಜೇಡರ ಬಲೆ ಜೋತಾಡುತ್ತಿದ್ದರೆ ಮೂಗು ಮುರಿಯಬೇಡಿ. ಹಣ್ಣಿನ ನೊಣಗಳನ್ನು ಹಿಡಿಯಲಿ ಅಂತ ಬೇಕೆಂದೇ ಬಿಟ್ಟಿರುತ್ತಾರೆ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಅಮ್ಮನ ದೋಸೆ ಹಿಟ್ಟು. ಅದಕ್ಕೂ ಯಾರೂ ಯೀಸ್ಟ್ ಹಾಕುವುದಿಲ್ಲವಲ್ಲ. ಉದ್ದಿನಬೇಳೆಯಲ್ಲೇ ಇರುವ ಜೀವಿಗಳು ಬೆಳಗಾಗುವುದರೊಳಗೆ ಉಬ್ಬಿಸಿ ಹುಳಿ ಬರಿಸುತ್ತವೆ. ಲ್ಯಾಂಬಿಕ್ಕಿಗೆ ಹುಳಿ ಕೊಡುವ ಪೀಡಿಯೋಕಾಕಸ್ ಕುಲದ ಬ್ಯಾಕ್ಟೀರಿಯಾ ಇಡ್ಲಿ ಹಿಟ್ಟಿನಲ್ಲೂ ಸಿಕ್ಕಿದೆ. ವ್ಯತ್ಯಾಸ ಇರುವುದು ಕಾಯುವುದರಲ್ಲಿ. ನಮ್ಮದು ಒಂದು ರಾತ್ರಿ, ಅವರದು ಒಂದರಿಂದ ಮೂರು ವರ್ಷ. ಆ ಕೊಟ್ಟಿಗೆ ವಾಸನೆ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟಿನದು. 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯಲ್ಲಿದ್ದ ವಿಜ್ಞಾನಿ ಕ್ಲಾಸೆನ್ ಇದನ್ನು ಇಂಗ್ಲೆಂಡಿನ ಬಿಯರಿನಲ್ಲಿ ಗುರುತಿಸಿದ್ದರಿಂದ ಹೆಸರಿನಲ್ಲಿ ಬ್ರಿಟನ್ ಸೇರಿಕೊಂಡಿದೆ. ವೈನ್ ಮಾಡುವವರು ಇದರ ಹೆಸರೆತ್ತಿದರೆ ಬೆಚ್ಚುತ್ತಾರೆ, ಇವರು ಇದಕ್ಕಾಗಿ ವರ್ಷಗಟ್ಟಲೆ ಕಾಯುತ್ತಾರೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಂಬ ಹೂವು ಕೂಡ ವರ್ಷಗಟ್ಟಲೆ ಹಳತಾದದ್ದೇ ಬೇಕು. ಕಹಿ ಹೋಗಿ, ಕೆಡದಂತೆ ಕಾಯುವ ಗುಣ ಮಾತ್ರ ಉಳಿದಿರಬೇಕು, ಯಾಕೆಂದರೆ ಹುಳಿಯ ಮೇಲೆ ಕಹಿ ಬಿದ್ದರೆ ಬಾಯಿಗಿಡಲಾಗದು.

ಇನ್ನು ಕುಡಿಯುವ ವಿಷಯ. ಬಿಯರ್ ಅನ್ನೋ ಪದವನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಪೀಪಾಯಿಯಿಂದ ನೇರ ಬಂದ ಲ್ಯಾಂಬಿಕ್ ಕೊಟ್ಟರೆ ಅದರಲ್ಲಿ ಗ್ಯಾಸ್ ಇರುವುದಿಲ್ಲ, ಹೆಚ್ಚುಕಡಿಮೆ ಹುಳಿ ವೈನ್. ಚಿಕ್ಕ ಗುಟುಕು ತೆಗೆದುಕೊಂಡು ಬಾಯಲ್ಲಿ ಎರಡು ಕ್ಷಣ ನಿಲ್ಲಿಸಿ. ಮೊದಲ ಗುಟುಕಿನಲ್ಲಿ ಹುಳಿ ಬಿಟ್ಟು ಇನ್ನೇನೂ ತಿಳಿಯದು. ಎರಡನೆಯದರಲ್ಲಿ ಮರದ ಒಗರು. ನನಗೆ ಮೂರನೆಯದರಲ್ಲಿ ನಿಂಬೆ ಸಿಪ್ಪೆ, ಒಣಹುಲ್ಲು, ಹಸಿ ಸೇಬು ಕಂಡವು. ನಿಮಗೆ ಬೇರೆ ಏನೋ ಕಾಣಬಹುದು. ಮೂರು ಗುಟುಕಿಗೆ ಮುಂಚೆ ತೀರ್ಪು ಕೊಡಬೇಡಿ.

ಅದರ ನಂತರ ಗೂಜ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬುತ್ತಾರೆ. ಎಳೆಯದರಲ್ಲಿ ಉಳಿದ ಸಕ್ಕರೆ ಬಾಟಲಿಯೊಳಗೇ ಮತ್ತೆ ಹುದುಗಿ ಗುಳ್ಳೆ ಕಟ್ಟುತ್ತದೆ. ನಿಜವಾದ ಕೈಚಳಕ ಇರುವುದು ಈ ಬೆರೆಸುವುದರಲ್ಲೇ. ನನ್ನ ಓಟು ಸದಾ ಇದಕ್ಕೆ. ಫ್ರಿಜ್ಜಿನಿಂದ ಈಗಷ್ಟೇ ತೆಗೆದದ್ದು ಬೇಡ, ನೆಲಮಾಳಿಗೆಯ ತಂಪು, 12–14 ಡಿಗ್ರಿ ಸಾಕು. ಒಳ್ಳೆಯ ಕೆಫೆಗಳಲ್ಲಿ ಬಾಟಲಿಯನ್ನು ಬುಟ್ಟಿಯಲ್ಲಿ ಮಲಗಿಸಿಯೇ ತಂದು, ತಳದ ಗಸಿ ಕದಡದಂತೆ ಬಗ್ಗಿಸುತ್ತಾರೆ. ಕ್ರೀಕ್ ಅಂದರೆ ಹುಳಿ ಚೆರಿ ಹಣ್ಣನ್ನು ನೆನೆಹಾಕಿದ್ದು. ಕ್ಯಾಂಟಿಲಾನಿನಲ್ಲಿ ಲೀಟರಿಗೆ ಸುಮಾರು 200 ಗ್ರಾಂ ಹಣ್ಣು. ಬೀಜದಿಂದ ಬಾದಾಮಿಯ ಛಾಯೆಯೂ ಬರುತ್ತದೆ.

ಎಚ್ಚರ ಬೇಕಾದದ್ದು ಇಲ್ಲೇ. ಪ್ರವಾಸಿಗರ ಬೀದಿಗಳಲ್ಲಿ ಸಿಗುವ ಬಹಳಷ್ಟು ಕ್ರೀಕ್ ಸಿಹಿ ಸೇರಿಸಿದ್ದು, ಹೆಚ್ಚುಕಡಿಮೆ ಸೋಡಾ ಬೆರೆಸಿದ ಶರಬತ್ತು. ಅದನ್ನು ಕುಡಿದು "ಲ್ಯಾಂಬಿಕ್ ಚೆನ್ನಾಗಿದೆ" ಅನ್ನುವವರನ್ನು ಕಂಡರೆ ನನಗೆ ಒಳಗೊಳಗೇ ಉರಿ. ಲೇಬಲಿನಲ್ಲಿ 'ಔಡೆ' ಅಂದರೆ 'ಹಳೆಯ' ಅನ್ನುವ ಡಚ್ ಪದ ಹುಡುಕಿ. ಔಡೆ ಗೂಜ್, ಔಡೆ ಕ್ರೀಕ್ ಹೆಸರುಗಳಿಗೆ ಯುರೋಪಿಯನ್ ಒಕ್ಕೂಟದ ರಕ್ಷಣೆಯಿದೆ. ಬ್ರಸೆಲ್ಸಿನ ಹತ್ತಿರದ ಬೇರ್ಸೆಲ್, ಲೆಂಬೇಕ್ ಕಡೆಯ ತ್ರೀ ಫೊಂಟೈನೆನ್, ಔಡ್ ಬೇರ್ಸೆಲ್, ಬೂನ್ ಮನೆಗಳವು ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಿ. ಕ್ಯಾಂಟಿಲಾನ್ ಮಾತ್ರ ತನ್ನ ಗೂಜಿನ ಮೇಲೆ 'ಔಡೆ'ಯ ಬದಲು 'ನೂರಕ್ಕೆ ನೂರು ಲ್ಯಾಂಬಿಕ್' ಅಂತ ಬರೆದುಕೊಳ್ಳುತ್ತದೆ.

ಸಸ್ಯಾಹಾರಿಯಾಗಿದ್ದರೂ ಜೊತೆಗೆ ತಿನ್ನಲು ತೊಂದರೆಯಿಲ್ಲ. ಆ ಕಡೆಯ ಹಳೆಯ ರೂಢಿ ಅಂದರೆ ಬ್ರೆಡ್ಡಿನ ಮೇಲೆ ಗಟ್ಟಿ ಮೊಸರಿನಂಥ ಬಿಳಿ ಚೀಸ್ ಬಳಿದು, ಮೇಲೆ ಹಸಿ ಮೂಲಂಗಿ, ಈರುಳ್ಳಿ ಸೊಪ್ಪು ಉದುರಿಸಿ ಕೊಡುವುದು. ಮೂಲಂಗಿ ಮೊಸರುಬಜ್ಜಿ ತಿಂದು ಬೆಳೆದ ನಾಲಿಗೆಗೆ ಇದು ತೀರಾ ಪರಕೀಯ ಅನ್ನಿಸುವುದಿಲ್ಲ.

ಊರಿಗೆ ತರುವುದಾದರೆ, ಭಾರತಕ್ಕೆ ಬರುವಾಗ ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್, ಅಂದರೆ 75 ಸೆಂಟಿಲೀಟರಿನ ಎರಡು ಬಾಟಲಿ. ಮನೆಗೆ ಬಂದ ದಿನವೇ ತೆಗೆಯಬೇಡಿ, ಒಂದೆರಡು ದಿನ ನೆಟ್ಟಗೆ ನಿಲ್ಲಿಸಿಡಿ. ನಾನು ನಿಲ್ಲಿಸಲಿಲ್ಲ. ಮೈಸೂರಿನ ಮನೆಯ ಊಟದ ಕೋಣೆಯ ತಾರಸಿಯಲ್ಲಿ ಅದರ ಕಲೆ ಇನ್ನೂ ಇದೆ. ಬಾಟಲಿಯಲ್ಲಿ ಉಳಿದದ್ದನ್ನು ಭಾವನಿಗೆ ಲೋಟಕ್ಕೆ ಹಾಕಿಕೊಟ್ಟೆ. "ಏನೋ ಇದು, ಹುಣಸೆ ನೀರಿಗೆ ಗ್ಯಾಸ್ ಹಾಕಿ ಮಾರ್ತಾರಾ?" ಅಂದರು. ಆದರೆ ಲೋಟ ಕೆಳಗಿಡಲಿಲ್ಲ.