ಪಾಯದಲ್ಲಿ ಸಿಕ್ಕ ಪಟ್ಟೆ ಕಲ್ಲು ಗ್ರಾನೈಟಾ?

ಶ್ರೀರಂಗಪಟ್ಟಣದ ಹತ್ತಿರ ಪಾಯ ತೆಗೆದಾಗ ಸಿಕ್ಕ ಕಪ್ಪು-ಬಿಳಿ ಪಟ್ಟೆಯ ಕಲ್ಲಿನ ಫೋಟೋ ಕಳಿಸಿ ಗ್ರಾನೈಟಾ ಎಂದು ಕೇಳಿದ್ದೀರಿ. ಅದು ಬಹುಶಃ ಗ್ರಾನೈಟ್ ಅಲ್ಲ, ನೈಸ್ (gneiss) ಎಂಬ ಪಟ್ಟೆ ಕಲ್ಲು. ಮೈಸೂರು, ಮಂಡ್ಯ ಕಡೆ ನೆಲದಡಿ ಜಾಸ್ತಿ ಇರುವುದೇ ಅದು. ಎರಡರಲ್ಲೂ ಖನಿಜಗಳು ಹೆಚ್ಚುಕಮ್ಮಿ ಒಂದೇ, ಅದಕ್ಕೇ ಗೊಂದಲ. ಬರೀ ಫೋಟೋ ನೋಡಿ ಖಚಿತವಾಗಿ ಹೇಳುವುದು ಕಷ್ಟ.

ಮೊದಲು ಸುತ್ತಿಗೆಯಿಂದ ಒಂದು ಚೂರು ಒಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಹೊರಗಿನ ಮಾಸಿದ ಮೈ ನೋಡಿದರೆ ಏನೂ ತಿಳಿಯುವುದಿಲ್ಲ. ಒಡೆದ ಮುಖವನ್ನು ತೊಳೆದು ಬಿಸಿಲಲ್ಲಿ ತಿರುಗಿಸಿ. ಗಾಜಿನ ಚೂರಿನ ಹಾಗೆ ಕಾಣುವ ಬೂದು ಹರಳು ಬೆಣಚು. ಬಿಳಿ ಅಥವಾ ಗುಲಾಬಿ ಹರಳಿನ ಚಪ್ಪಟೆ ಮುಖ ಫಳಕ್ಕನೆ ಹೊಳೆದರೆ ಫೆಲ್ಡ್‌ಸ್ಪಾರ್. ಕಪ್ಪು ಚುಕ್ಕೆಯನ್ನು ಗುಂಡುಸೂಜಿಯಿಂದ ಕೆದಕಿ. ತೆಳು ಪದರವಾಗಿ ಎದ್ದು ಬಂದರೆ ಅದು ಕಾಗೆ ಬಂಗಾರ (ಅಭ್ರಕ).

ಆಮೇಲೆ ಇವು ಹೇಗೆ ಕೂತಿವೆ ನೋಡಿ. ಇದೇ ಮುಖ್ಯ. ದಿಕ್ಕಿಲ್ಲದೆ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಗ್ರಾನೈಟ್. ಕರಗಿದ ಶಿಲೆ ಭೂಮಿಯ ಆಳದಲ್ಲಿ ನಿಧಾನವಾಗಿ ತಣ್ಣಗಾಗಿದ್ದರಿಂದ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿವೆ. ಸಾಲುಗಟ್ಟಿ ಪಟ್ಟೆಯಾಗಿದ್ದರೆ ನೈಸ್, ಅಂದರೆ ಬಿಸಿ, ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ ಕಲ್ಲು.

ಹೋಲಿಸಿ ನೋಡಬೇಕಾದರೆ ಚಾಮುಂಡಿ ಬೆಟ್ಟ ಇದೆಯಲ್ಲ, ಸುಮಾರು 80 ಕೋಟಿ ವರ್ಷ ಹಳೆಯ ಅಸಲಿ ಗ್ರಾನೈಟ್. ಮೆಟ್ಟಿಲು ಹತ್ತುವಾಗ ಪಕ್ಕದ ಬಂಡೆಗೆ ನಿಮ್ಮ ಚೂರನ್ನು ಹಿಡಿದು ನೋಡಿ. ನೈಸ್ ನಡುವೆ ಗ್ರಾನೈಟ್ ಎಳೆ ನುಗ್ಗಿರುವುದೂ ಉಂಟು. ಹಾಗಾಗಿ ಪಾಯದ ಎರಡು-ಮೂರು ಕಡೆಯಿಂದ ಚೂರು ತೆಗೆದುಕೊಳ್ಳಿ.