ಸಣ್ಣ ಸಹಾಯ ಮಾಡಲು ಮನಸ್ಸಿದ್ದರೂ ಯಾಕೆ ಹಿಂಜರಿಕೆ ಆಗುತ್ತದೆ?

ನಮ್ಮ ಸಹಾಯದ ಬೆಲೆಯನ್ನು ನಾವೇ ಕಡಿಮೆ ಲೆಕ್ಕ ಹಾಕುತ್ತೇವೆ, ಅದಕ್ಕೆ. ಕೊಡುವವರ ಕಣ್ಣು ವಸ್ತುವಿನ ಮೇಲಿರುತ್ತದೆ: ‘ಒಂದು ಲೋಟ ಕಾಫಿ ತಾನೇ, ಏನು ಮಹಾ?’ ಪಡೆದವರಿಗೆ ನಾಟುವುದು ಬೇರೆ: ಯಾರೋ ನನ್ನನ್ನು ಗಮನಿಸಿದರಲ್ಲ ಅನ್ನುವುದು.

ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಚಿಕಾಗೋದ ಚಳಿಯಲ್ಲಿ, ಮಂಜುಗಡ್ಡೆ ಮೇಲೆ ಜಾರುವ ಆಟದ ಜಾಗದಲ್ಲಿ, ಕೆಲವರಿಂದ ಅಪರಿಚಿತರಿಗೆ ಬಿಸಿ ಚಾಕಲೇಟ್ ಕೊಡಿಸಿದರು. ಪಡೆದವರ ಖುಷಿ, ಕೊಟ್ಟವರು ಊಹಿಸಿದ್ದಕ್ಕಿಂತ ಜಾಸ್ತಿಯೇ ಇತ್ತು.

ಚಿಕಾಗೋ ಯಾಕೆ, ನಮ್ಮ ಚಿಕ್ಕಮಗಳೂರಿನ ಮಳೆ ಸಾಲದಾ? ಬಸ್ ಸ್ಟ್ಯಾಂಡಿನಲ್ಲಿ ಯಾರೋ ನೆನೆಯುತ್ತಾ ನಿಂತಿರುತ್ತಾರೆ. ನಮ್ಮ ಕೈಯಲ್ಲಿ ಕೊಡೆ. ಕರೆದರೆ ಏನಂದುಕೊಳ್ಳುತ್ತಾರೋ ಅಂತ ಮುಜುಗರ, ನನಗೂ ಆಗುತ್ತದೆ. ಅವರು ನಮ್ಮ ಮಾತಿನ ಜಾಣತನ ಅಳೆಯುವುದಿಲ್ಲ, ಅಲ್ವಾ? ‘ಬನ್ನಿ, ಆಟೋವರೆಗೆ ಹೋಗೋಣ’ ಅಂದರೆ ಸಾಕು. ಬೇಡ ಅಂದರೆ ಸುಮ್ನೆ ಮುಂದೆ ಹೋಗಿ, ಒತ್ತಾಯ ಬೇಡ. ಹಾಸನದ ಬಸ್ಸಿನಲ್ಲಾದರೆ ಇನ್ನೂ ಸುಲಭ: ನಿಂತವರ ಬ್ಯಾಗಿಗೆ ಕೈ ಚಾಚಿ, ತೊಡೆ ಮೇಲೆ ಇಟ್ಟುಕೊಳ್ಳಿ. ಮಾತೇ ಬೇಕಿಲ್ಲ.