ತಾಂಡಾ ಮನೆಗಳ ಪಕ್ಕ ಗ್ಯಾಸ್ ಪೈಪ್‌ಲೈನ್ ಕಲ್ಲು ನೆಟ್ಟಿದ್ದರೆ
ತಾಂಡಾ ಮನೆಗಳ ಪಕ್ಕ ಗ್ಯಾಸ್ ಪೈಪ್‌ಲೈನ್‌ಗೆ ಯಾರನ್ನೂ ಕೇಳದೆ ಕಲ್ಲು ನೆಟ್ಟಿದ್ದಾರೆ, ಏನು ಮಾಡೋದು ಅಂತ ತಾಂಡಾದವರೊಬ್ಬರು ಕೇಳಿದ್ದಾರೆ, ಅವರಿಗೆ ಈ ಉತ್ತರ. ಪೈಪ್‌ಲೈನ್ ಹಾಕುವವರು ಬಹುಶಃ 1962ರ ಪೈಪ್‌ಲೈನ್ ಕಾಯ್ದೆ ಹಿಡಿದು ಬಂದಿದ್ದಾರೆ. ಅದರಲ್ಲಿ ಜಮೀನು ನಿಮ್ಮ ಹೆಸರಲ್ಲೇ ಇರುತ್ತದೆ, ಪೈಪ್‌ಗಾಗಿ ಬಳಸುವ ಹಕ್ಕು ಮಾತ್ರ ಅವರಿಗೆ ಹೋಗುತ್ತದೆ, ಆಮೇಲೆ ಪೈಪ್ ಹೋಗುವ ಆ ಜಮೀನಿನ ಪಟ್ಟಿಯಲ್ಲಿ ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ.

ಮೊದಲು ಗೆಜೆಟ್ ಅಧಿಸೂಚನೆ ತರಿಸಿ, ನಿಮ್ಮ ಸರ್ವೆ ನಂಬರ್ ಮತ್ತು ತಾರೀಖು ನೋಡಿ. ಆಕ್ಷೇಪಣೆಗೆ ಇರುವುದು 21 ದಿನ ಅಷ್ಟೇ. ವಾಸದ ಜಾಗ, ಕಾಯಂ ಕಟ್ಟಡ, ಮನೆಗೆ ಸೇರಿದ ಹಿತ್ತಲು, ಇವುಗಳ ಕೆಳಗೆ ಪೈಪ್ ಹಾಕುವಂತಿಲ್ಲ ಅಂತ 7ನೇ ಸೆಕ್ಷನ್ ಹೇಳುತ್ತದೆ, ಇದನ್ನೇ ಗಟ್ಟಿಯಾಗಿ ಬರೆಯಿರಿ. ಹಕ್ಕುಪತ್ರ, ಕರೆಂಟ್ ಬಿಲ್, ಕಲ್ಲಿನಿಂದ ನಿಮ್ಮ ಕೊಟ್ಟಿಗೆಗೆ ಎಷ್ಟು ದೂರ ಅಂತ ಟೇಪ್ ಹಿಡಿದ ಫೋಟೋ ಲಗತ್ತಿಸಿ. ಖುದ್ದು ವಿಚಾರಣೆಯನ್ನೂ ಕೇಳಿ. ಆಕ್ಷೇಪಣೆ ಕೊಟ್ಟಾಗ ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ನಮ್ಮ ಹಟ್ಟಿಯವರು ಅದನ್ನು ಬಿಟ್ಟು ತುಂಬಾ ಪೇಚಾಡಿದೆವು.

ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶ (ಸಂವಿಧಾನದ 5ನೇ ಅನುಸೂಚಿಯಡಿ ಘೋಷಿಸಿದ ಬುಡಕಟ್ಟು ಪ್ರದೇಶ) ಇಲ್ಲ, ಹಾಗಾಗಿ ಅಂಥ ಪ್ರದೇಶಗಳಲ್ಲಿ ಗ್ರಾಮಸಭೆಗೆ ಹೆಚ್ಚು ಅಧಿಕಾರ ಕೊಡುವ ಪೆಸಾ ಕಾಯ್ದೆ ನೆಚ್ಚಬೇಡಿ. ಆದರೂ ಗ್ರಾಮಸಭೆ ನಿರ್ಣಯ ಮಾಡಿಸಿ. ಆಕ್ಷೇಪಣೆ ಇತ್ಯರ್ಥ ಆಗುವವರೆಗೆ ಒಪ್ಪಿಗೆ ಪತ್ರಕ್ಕೆ ಯಾರೂ ಹೆಬ್ಬೆಟ್ಟು ಒತ್ತಬೇಡಿ.